ಔಷಧಿ ಬೆಳೆ : ಉಪದೇಶ ಸಾಕು, ಕೊಳ್ಳುವವರು ಬೇಕು

ನಮ್ಮ ಭಾಗದ ಮಠಗಳ ಜಾತ್ರಾ ಮಹೋತ್ಸವಗಳಲ್ಲಿ ಧರ್ಮಗೋಷ್ಠಿಯ ಜೊತೆಗೆ ಕೃಷಿಗೋಷ್ಠಿಯೊಂದು ನಡೆಯುವುದು ಈಗ ವಾಡಿಕೆಯಾಗಿದೆ. ಅದು ಒಳ್ಳೆಯದೇ. ಭಕ್ತರಲ್ಲಿ ನೂರಕ್ಕೆ ಎಂಬತ್ತು ಜನ ಒಕ್ಕಲಿಗರಾಗಿರುವಾಗ ಅವರ ಹೊಲದ ಚಿಂತೆ ಮಠದ ಅಂಗಳದಲ್ಲಿ ನಡೆಯದೆ ಮತ್ತೆಲ್ಲಿ ನಡೆದೀತು? ಆದರೆ ಈ ಗೋಷ್ಠಿಗಳಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ತಪ್ಪದೆ ಕೇಳಿಬರುತ್ತಿದೆ. "ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರು ತಂಬಾಕನ್ನೂ ಕಬ್ಬನ್ನೂ ಕೈಬಿಟ್ಟು ಔಷಧಿ ಸಸ್ಯಗಳನ್ನು ಬೆಳೆಯಬೇಕು, ವಿಷವನ್ನು ತೊರೆದು ಅಮೃತವನ್ನು ಬೆಳೆಯಬೇಕು, ಹಿಮಾಲಯದ ದುರ್ಗಮ ಹಳ್ಳಿಗಳ ಬಡವರೇ ಗಿಡಮೂಲಿಕೆಯಿಂದ ಬದುಕು ಕಟ್ಟಿಕೊಂಡಿರುವಾಗ ನಿಮಗೇನು ಕಷ್ಟ?" ಎಂಬುದೇ ಆ ಮಾತು. ಸಭೆ ಚಪ್ಪಾಳೆ ತಟ್ಟುತ್ತದೆ. ಉಪನ್ಯಾಸಕರಿಗೆ ಶಾಲು ಹೊದಿಸಲಾಗುತ್ತದೆ. ರೈತನು ಪ್ರಸಾದ ಸ್ವೀಕರಿಸಿ ಮನೆಗೆ ಹೋಗಿ ಮರುದಿನ ಎಂದಿನಂತೆ ಕಬ್ಬಿಗೆ ನೀರು ಹಾಯಿಸುತ್ತಾನೆ.

ರೈತನು ಹಟಮಾರಿಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾನು ಹೇಳಬಯಸುವುದೇನೆಂದರೆ, ಈ ವಿಷಯದಲ್ಲಿ ರೈತನೇ ಬುದ್ಧಿವಂತನು. ಉಪದೇಶ ಮಾಡುವ ನಾವೇ ವಿಚಾರಹೀನರು. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಇಂದಿಗೂ ರಾಯಬಾಗ ತಾಲೂಕಿನಲ್ಲಿ ಒಕ್ಕಲುತನವನ್ನೇ ಮಾಡಿಕೊಂಡಿರುವ ನನಗೆ ಗಿಡಮೂಲಿಕೆಯ ಮೇಲೆ ದ್ವೇಷವಿಲ್ಲ. ದ್ವೇಷವಿರುವುದು ಅಗ್ಗದ ಉಪದೇಶದ ಮೇಲೆ.

ಮೊದಲು ಹಿಮಾಲಯದ ಮಾತನ್ನೇ ನೋಡೋಣ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಎತ್ತರದ ಹಳ್ಳಿಗಳಲ್ಲಿ ಕಟುಕರೋಹಿಣಿಯನ್ನು ಬೆಳೆಯುತ್ತಾರೆ. ಲಾಹೌಲದ ಕಣಿವೆಯಲ್ಲಿ ಹಿಂದಿನಿಂದಲೂ ಕೋಷ್ಠವನ್ನು ಬೆಳೆದಿದ್ದಾರೆ. ಇವು ಅಲ್ಲಿ ಏಕೆ ನಡೆದವು? ಅಲ್ಲಿಯ ಹೊಲಗಳು ಅಂಗೈಯಗಲದವು. ವರ್ಷದಲ್ಲಿ ಹಲವು ತಿಂಗಳು ಹಿಮ. ಲಾರಿ ಹೋಗುವ ದಾರಿಯಿಲ್ಲದ ಕಡೆ ತೂಕ ಕಡಿಮೆಯಾಗಿ ಬೆಲೆ ಹೆಚ್ಚಾಗಿರುವ ವಸ್ತುವೇ ಹೊತ್ತು ತರಲು ಯೋಗ್ಯ. ಬೇರೊಂದು ರೊಕ್ಕದ ಬೆಳೆ ಅಲ್ಲಿ ಸ್ಪರ್ಧೆಗೆ ನಿಲ್ಲುವುದಿಲ್ಲ. ಮೇಲಾಗಿ ಆ ಮೂಲಿಕೆಗಳು ಆ ಎತ್ತರದ ತಂಪಿನಲ್ಲಲ್ಲದೆ ಬೇರೆಲ್ಲಿಯೂ ಸರಿಯಾಗಿ ಬರುವುದಿಲ್ಲ. ಆದುದರಿಂದ ಕೊಳ್ಳುವವನು ಅಲ್ಲಿಗೇ ಹುಡುಕಿಕೊಂಡು ಹೋಗಬೇಕು. ನಮ್ಮ ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಎರೆಭೂಮಿಗೆ ಇದರಲ್ಲಿ ಯಾವ ಮಾತು ಹೊಂದುತ್ತದೆ? ಇಲ್ಲಿ ಹೊಲದ ಬದುವಿನ ತನಕ ಟ್ರ್ಯಾಕ್ಟರ್ ಬರುತ್ತದೆ, ಸಕ್ಕರೆ ಕಾರ್ಖಾನೆಯ ಕಬ್ಬು ಕಡಿಯುವ ತಂಡ ಬರುತ್ತದೆ. ಕಬ್ಬಿನ ಬಿಲ್ಲು ತಡವಾಗುತ್ತದೆ, ಬಾಕಿ ಉಳಿಯುತ್ತದೆ, ಅದಕ್ಕಾಗಿ ವರ್ಷವರ್ಷವೂ ರಸ್ತೆಗಿಳಿಯಬೇಕಾಗುತ್ತದೆ, ಎಲ್ಲವೂ ನಿಜ. ಆದರೂ ಕಬ್ಬು ಒಪ್ಪಿಸಿದ 14 ದಿನಗಳೊಳಗಾಗಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ, ಕೇಂದ್ರವು ಗೊತ್ತುಪಡಿಸಿದ ಬೆಲೆಯಿದೆ. ಕಾನೂನು ಮುರಿದವನನ್ನು ಕೇಳುವುದಕ್ಕೆ ಕಾನೂನಾದರೂ ಇದೆ. ಔಷಧಿ ಬೇರಿಗೆ ಯಾವ ಆದೇಶವಿದೆ? ಯಾವ ಬೆಂಬಲ ಬೆಲೆಯಿದೆ? ನಮ್ಮ ಐದು ತಾಲೂಕುಗಳಲ್ಲಿ ಯಾವ ಪೇಟೆಯಲ್ಲಿ ಅದರ ಸವಾಲು ಕೂಗುತ್ತಾರೆ?

ಗುಡ್ಡದ ಮಾತನ್ನು ಆಡುವವರು ದೂರದ ಹಿಮಾಲಯಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯದೇ ಆದ ಖಾನಾಪುರದ ಕಡೆ ಸಹ್ಯಾದ್ರಿಯ ಸಾಲು ಹಾಯ್ದಿದೆ. ಆ ಸಾಲಿನುದ್ದಕ್ಕೂ ಬೆಳೆಯುವ ಮರವೊಂದನ್ನು ಕನ್ನಡದಲ್ಲಿ ದುರ್ವಾಸನೆ ಮರವೆಂದೂ ಮರಾಠಿಯಲ್ಲಿ ನರಕ್ಯಾ ಎಂದೂ ಕರೆಯುತ್ತಾರೆ. ಅರ್ಬುದ ರೋಗದ ಔಷಧಿಗೆ ಬೇಕಾದ ಕ್ಯಾಂಪ್ಟೊಥೆಸಿನ್ ಎಂಬ ಸತ್ವ ಅದರಲ್ಲಿದೆಯೆಂದು ತಿಳಿದ ಮೇಲೆ ಪಶ್ಚಿಮ ಘಟ್ಟದಲ್ಲಿ ಅದನ್ನು ಬುಡಸಹಿತ ಕಡಿದು ಚೂರು ಮಾಡಿ ಪರದೇಶಕ್ಕೆ ಸಾಗಿಸಲಾಯಿತು. ಕಡಿದವನಿಗೆ ಕೂಲಿ, ಮಧ್ಯಸ್ಥನಿಗೆ ಲಾಭ, ಕಾಡಿಗೆ ನಷ್ಟ. ಗುಡ್ಡದ ಮೂಲಿಕೆಯ ಕಥೆ ಬಹುಮಟ್ಟಿಗೆ ಇದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ, ಜೇನು, ಪಾಚಿಗಳನ್ನು ತಮ್ಮ ಸಹಕಾರಿ ಸಂಘಗಳ ಮೂಲಕ ಮಾರಿ ಒಂದಿಷ್ಟು ನೆಮ್ಮದಿ ಕಂಡಿದ್ದರು. ಅಭಯಾರಣ್ಯದ ಕಾನೂನಿನಿಂದಾಗಿ ಆ ಸಂಗ್ರಹಕ್ಕೂ ತಡೆ ಬಿದ್ದು, 2006ರ ಅರಣ್ಯ ಹಕ್ಕು ಕಾಯಿದೆಯ ಬಲದಿಂದ 2011ರಲ್ಲಿ ಸಮುದಾಯದ ಹಕ್ಕು ಪಡೆಯಬೇಕಾಯಿತು. ಅಲ್ಲಿಯೂ ಕೈಹಿಡಿದದ್ದು ಗಿಡವಲ್ಲ. ಮಾರಾಟಕ್ಕೆ ಸ್ವಂತದ ಸಂಘವಿದ್ದದ್ದು ಮತ್ತು ಹಕ್ಕಿಗಾಗಿ ಒಗ್ಗಟ್ಟಾಗಿ ನಿಂತದ್ದು.

ಇನ್ನು ವಿಷ ಮತ್ತು ಅಮೃತದ ಮಾತು. ತಂಬಾಕು ವಿಷವೆಂಬುದರಲ್ಲಿ ಎರಡು ಮಾತಿಲ್ಲ. ಬೀಡಿ ಸೇದಿ ಎದೆ ಕೆಟ್ಟು ಹೋದವರನ್ನು ನಾನೂ ಹೆಗಲು ಕೊಟ್ಟು ಹೊತ್ತಿದ್ದೇನೆ. ಆದರೆ ನಿಪ್ಪಾಣಿಯ ರೈತನನ್ನು ಹಣ್ಣುಗಾಯಿ ಮಾಡಿದ್ದು ಎಲೆಯೊಳಗಿನ ವಿಷ ಮಾತ್ರವೇ? 1981ನೆಯ ಇಸವಿಯನ್ನು ಹಿರಿಯರು ಮರೆತಿರಲಾರರು. ವ್ಯಾಪಾರಿಗಳು ಹೇಳಿದ್ದೇ ಬೆಲೆ, ಅವರು ಹಿಡಿದದ್ದೇ ತೂಕ ಎಂಬ ಸ್ಥಿತಿಗೆ ಬೇಸತ್ತ ತಂಬಾಕು ಬೆಳೆಗಾರರು, ಶೇತಕರಿ ಸಂಘಟನೆಯ ಶರದ ಜೋಶಿಯವರ ಮುಂದಾಳುತನದಲ್ಲಿ ಆ ವರ್ಷದ ಮಾರ್ಚ್ ತಿಂಗಳಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಮೂರು ವಾರ ಕಳೆದ ಮೇಲೆ, ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ಹತ್ತಕ್ಕೂ ಹೆಚ್ಚು ಮಂದಿ ರೈತರು ಬಲಿಯಾದರು. ಅವರು ಪ್ರಾಣ ಕೊಟ್ಟದ್ದು ತಂಬಾಕಿನ ಪ್ರೀತಿಗಾಗಿ ಅಲ್ಲ, ನ್ಯಾಯವಾದ ಬೆಲೆಗಾಗಿ. ಮೈಸೂರು ಸೀಮೆಯ ವರ್ಜೀನಿಯಾ ತಂಬಾಕಿಗೆ ತಂಬಾಕು ಮಂಡಳಿಯಿತ್ತು. 1984ರಿಂದ ಅಲ್ಲಿ ಮಂಡಳಿಯೇ ಹರಾಜು ನಡೆಸತೊಡಗಿತು. ನಿಪ್ಪಾಣಿಯ ಬೀಡಿ ತಂಬಾಕಿಗೆ ಅಂಥ ಹರಾಜು ಕಟ್ಟೆ ದೊರೆಯಲಿಲ್ಲ. ಒಂದೇ ಜಾತಿಯ ವಿಷಕ್ಕೆ ಎರಡು ಬಗೆಯ ನ್ಯಾಯ!

ಪೇಟೆಯಿಲ್ಲದ ಬೆಳೆಯನ್ನು ಬೆಳೆದು ಕೊಳ್ಳುವವನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದೆಂದರೆ ಏನೆಂದು ನಿಪ್ಪಾಣಿಯವರಿಗಿಂತ ಚೆನ್ನಾಗಿ ಬಲ್ಲವರಾರು? ಅವರಿಗೆ ಹೋಗಿ ನಾವು ಹೇಳುತ್ತಿರುವುದಾದರೂ ಏನು? ಒಂದು ಪೇಟೆಯಿಲ್ಲದ ಬೆಳೆಯನ್ನು ಬಿಡಿರಿ, ಇನ್ನೊಂದು ಪೇಟೆಯಿಲ್ಲದ ಬೆಳೆಯನ್ನು ಹಿಡಿಯಿರಿ ಎಂದು. ಬೆಳೆಯ ಹೆಸರು ಅಮೃತಬಳ್ಳಿಯಾದ ಮಾತ್ರಕ್ಕೆ ತಕ್ಕಡಿ ಹಿಡಿದವನ ಕೈ ಶುದ್ಧವಾಗುವುದಿಲ್ಲ.

ತಂಬಾಕಿನ ವಖಾರಗಳಲ್ಲಿ ಧೂಳು ಕುಡಿದು ದುಡಿದ ಹೆಣ್ಣುಮಕ್ಕಳನ್ನಂತೂ ಯಾವ ಉಪನ್ಯಾಸಕರೂ ನೆನೆಯುವುದಿಲ್ಲ. ಅವರು ಸಂಘ ಕಟ್ಟಿ ಹೋರಾಡಿದ ಕಥೆಯನ್ನು ಯುಗಾಂತರವೆಂಬ ಮಹಿಳಾ ತಂಡವು 1982ರಲ್ಲಿ ಚಲನಚಿತ್ರವನ್ನಾಗಿ ಮಾಡಿತು. ಮನೆಯಲ್ಲಿ ಕುಳಿತು ಬೀಡಿ ಸುತ್ತುವ ತಾಯಂದಿರಿಗೆ ಬೆಳೆ ಬದಲಾದರೆ ಕೂಲಿ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆ ಯೋಜನೆಯೇ ಅಲ್ಲ.

ನನ್ನ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. 2002ನೆಯ ಇಸವಿಯ ಬೇಸಿಗೆಯಲ್ಲಿ ಕಂಪನಿಯೊಂದರ ಪ್ರತಿನಿಧಿ ನಮ್ಮೂರಿಗೆ ಬಂದನು. ಕೈಯಲ್ಲಿ ಬಣ್ಣದ ಚಿತ್ರಗಳ ದೊಡ್ಡ ಪುಸ್ತಕ, ಬಾಯಲ್ಲಿ ಲಕ್ಷಗಳ ಲೆಕ್ಕ. ಸಫೇದ ಮುಸಲಿ ಎಂಬ ಗಡ್ಡೆಯನ್ನು ನಾಟಿ ಮಾಡಿದರೆ ಬೆಳೆದದ್ದನ್ನೆಲ್ಲ ಕಂಪನಿಯೇ ಮರಳಿ ಕೊಳ್ಳುವುದೆಂದು ಮುದ್ರೆಯ ಕಾಗದದ ಮೇಲೆ ಕರಾರು. ನನ್ನ ತಮ್ಮನು ಹೆಂಡತಿಯ ಬಂಗಾರ ಒತ್ತೆಯಿಟ್ಟು ಕಿಲೋಗೆ 400 ರೂಪಾಯಿಯಂತೆ ಎರಡೂವರೆ ಕ್ವಿಂಟಲ್ ಬೀಜದ ಗಡ್ಡೆ ಕೊಂಡನು. ಒಂದು ಲಕ್ಷ ರೂಪಾಯಿ ಇಪ್ಪತ್ತು ಗುಂಟೆಯ ಮಣ್ಣಿಗೆ ಬಿತ್ತು. ಬೆಳೆ ಬರಲಿಲ್ಲವೆಂದು ನಾನು ಹೇಳಲಾರೆ, ಬಂದಿತು. ಚಳಿಗಾಲದಲ್ಲಿ ಅಗೆದು, ತೊಳೆದು, ಮನೆಯ ಹೆಣ್ಣುಮಕ್ಕಳೆಲ್ಲ ತಿಂಗಳುಗಟ್ಟಲೆ ಕುಳಿತು ಒಂದೊಂದು ಬೇರಿನ ಸಿಪ್ಪೆಯನ್ನೂ ಚಾಕುವಿನಿಂದ ಹೆರೆದರು. ಆರು ಕ್ವಿಂಟಲ್ ಹಸಿಬೇರು ಒಣಗಿ ಒಂದೂಕಾಲು ಕ್ವಿಂಟಲಿಗೆ ಇಳಿಯಿತು. "ಅಣ್ಣಾ, ಕಂಪನಿಯವರು ಫೋನ ಎತ್ತವಲ್ಲರು" ಎಂದು ತಮ್ಮನು ಒಂದು ದಿನ ಸಂಜೆ ಬಂದು ಹೇಳಿದಾಗ ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಪುಣೆಯಲ್ಲಿದ್ದ ಆಫೀಸಿಗೆ ಹೋಗಿ ನೋಡಿದರೆ ಬೀಗ. ಮಾಲು ಎರಡು ಮಳೆಗಾಲ ಅಟ್ಟದ ಮೇಲೆ ಕುಳಿತು ಹುಳ ಹಿಡಿಯಿತು. ಕೊನೆಗೆ ಒಬ್ಬ ಗಂಧಿಗೆ ಅಂಗಡಿಯವರು ದಯೆ ಮಾಡಿದಂತೆ ಕೊಂಡರು. ಬಿಡಿಸಿಕೊಳ್ಳಲಾಗದ ಬಂಗಾರ ಹೋಯಿತು.

ಆ ವ್ಯಾಪಾರದ ಗುಟ್ಟು ನಮಗೆ ತಡವಾಗಿ ತಿಳಿಯಿತು. ಅವರು ಮಾರುತ್ತಿದ್ದುದು ಔಷಧಿಯನ್ನಲ್ಲ, ಬೀಜವನ್ನು. ಮೊದಲ ವರ್ಷದ ರೈತನ ಗಡ್ಡೆ ಎರಡನೆಯ ವರ್ಷದ ರೈತನಿಗೆ ಬೀಜ. ಹೊಸ ಬೀಜಗಾರರು ಸಿಕ್ಕುವ ತನಕ ಆಟ. ಮುಂದೆ ಲೋಳೆಸರದ ಹೆಸರಿನಲ್ಲಿಯೂ ಇದೇ ಆಟ ನಡೆಯಿತು. ಹೆಸರು ಬೇರೆ, ಕರಾರಿನ ಕಾಗದ ಅದೇ. ಇಂದು ಮೊಬೈಲಿನಲ್ಲಿ ಬರುವ ಪ್ರಚಾರಗಳನ್ನು ನೋಡಿದರೆ ಆಟ ಮುಗಿದಂತೆ ಕಾಣುವುದಿಲ್ಲ.

ಹಾಗಾದರೆ ಔಷಧಿ ಸಸ್ಯಗಳಿಗೆ ಬೇಡಿಕೆಯೇ ಇಲ್ಲವೇ? ಇದೆ, ಧಾರಾಳವಾಗಿದೆ. ಕೇಂದ್ರ ಸರಕಾರವು 2000ದಲ್ಲಿ ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿಯನ್ನು ಸ್ಥಾಪಿಸಿತು. ಆ ಮಂಡಳಿ ಮಾಡಿಸಿದ ಸಮೀಕ್ಷೆಯ ಪ್ರಕಾರ 2014–15ರಲ್ಲಿ ದೇಶದ ಒಟ್ಟು ಬೇಡಿಕೆ ಸುಮಾರು 5,12,000 ಟನ್. ವ್ಯಾಪಾರದಲ್ಲಿರುವ ಸಸ್ಯಜಾತಿಗಳು 1178. ಅವುಗಳಲ್ಲಿ ವರ್ಷಕ್ಕೆ ನೂರು ಟನ್ನಿಗಿಂತ ಹೆಚ್ಚು ಮಾರಾಟವಾಗುವವು ಕೇವಲ 242. ಈ ಕೊನೆಯ ಅಂಕಿಯನ್ನು ಉಪನ್ಯಾಸಕರು ಹೇಳುವುದಿಲ್ಲ. ಉಳಿದ ಒಂಬತ್ತು ನೂರಕ್ಕೂ ಹೆಚ್ಚು ಜಾತಿಗಳ ಬೇಡಿಕೆ ಎಷ್ಟು ಸಣ್ಣದೆಂದರೆ, ಒಂದೇ ತಾಲೂಕಿನ ರೈತರು ಉತ್ಸಾಹದಿಂದ ಅವುಗಳಲ್ಲೊಂದನ್ನು ಬೆಳೆದರೂ ಬೆಲೆ ನೆಲ ಕಚ್ಚುತ್ತದೆ. ಆದುದರಿಂದ 'ಔಷಧಿ ಬೆಳೆ ಬೆಳೆಯಿರಿ' ಎಂಬ ಮಾತಿಗೆ ಅರ್ಥವೇ ಇಲ್ಲ. ಯಾವುದನ್ನು, ಎಷ್ಟು, ಯಾರಿಗಾಗಿ ಎಂದು ಹೇಳಬೇಕು.

ಅಥಣಿಯ ಪೂರ್ವಭಾಗದ ತೆಲಸಂಗ, ಐಗಳಿಗಳ ಕಡೆಯ ಮಳೆಯಾಶ್ರಿತ ಹೊಲಗಳಿಗೆ ಹಿರೇಮದ್ದು, ಅಂದರೆ ಅಶ್ವಗಂಧವು ಒಪ್ಪಬಹುದೆಂದು ಬಲ್ಲವರು ಹೇಳುತ್ತಾರೆ. ಕಡಿಮೆ ನೀರು, ಐದಾರು ತಿಂಗಳ ಬೆಳೆ, ದನಕರು ಬಾಯಿ ಹಾಕುವುದು ಕಡಿಮೆ. ಮಾತು ಸರಿ. ಆದರೆ ಅಶ್ವಗಂಧದ ದೊಡ್ಡ ಪೇಟೆಯಿರುವುದು ಮಧ್ಯಪ್ರದೇಶದ ನೀಮಚದಲ್ಲಿ. ಎರಡು ಕ್ವಿಂಟಲ್ ಬೇರು ಬೆಳೆದ ತೆಲಸಂಗದ ರೈತನು ನೀಮಚಕ್ಕೆ ಹೋಗಿ ಬರುವಷ್ಟರಲ್ಲಿ ಬೇರಿನ ಬೆಲೆ ದಾರಿಯಲ್ಲಿಯೇ ಕರಗುತ್ತದೆ. ಹಾಗೆಯೇ ಮಾಕಂದಿ ಬೇರು. ಅದರ ಫೋರ್‍ಸ್ಕೋಲಿನ್ ಎಂಬ ಸತ್ವವನ್ನು ಮುಂಬಯಿಯ ಪ್ರಯೋಗಾಲಯವೊಂದರಲ್ಲಿ 1970ರ ದಶಕದಲ್ಲಿ ಬೇರ್ಪಡಿಸಿದ ಮೇಲೆ ಕರ್ನಾಟಕದ ರೈತರೂ ಕರಾರಿನ ಮೇಲೆ ಅದನ್ನು ಬೆಳೆದರು. ಕೊಳ್ಳುವವರು ಕೆಲವೇ ಮಂದಿ. ಬೇರಿಗೆ ಜಂತುಬಾಧೆ, ಸೊರಗು ರೋಗ ಬಂದರೆ ನಷ್ಟ ಬೆಳೆದವನದು, ಸತ್ವ ಕಡಿಮೆಯಿದೆಯೆಂದು ಹೇಳುವ ಅಧಿಕಾರ ಕೊಂಡವನದು.

ಇಷ್ಟೆಲ್ಲ ದೂರದ ಹೆಸರುಗಳನ್ನು ಹೇಳುವಾಗ ನಮ್ಮ ಹಿತ್ತಲಿನ ಔಷಧಿಯನ್ನೇ ನಾವು ಮರೆತಿರುವುದು ವಿಷಾದದ ಸಂಗತಿ. ಅರಿಷಿಣ ಔಷಧಿಯಲ್ಲವೇ? ಗಾಯಕ್ಕೆ ಅರಿಷಿಣ ಹಚ್ಚುವುದು ತಮ್ಮ ಸಂಶೋಧನೆಯೆಂದು ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದವರು 1995ರಲ್ಲಿ ಹಕ್ಕುಪತ್ರ ಪಡೆದರು. ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳ ಸಾಕ್ಷ್ಯ ಒದಗಿಸಿ 1997ರಲ್ಲಿ ಅದನ್ನು ರದ್ದುಗೊಳಿಸಿತು. ನಮ್ಮ ಅಜ್ಜಿಯರ ಮದ್ದಿಗಾಗಿ ಅಮೆರಿಕದಲ್ಲಿ ವಾದ ಹೂಡಬೇಕಾಯಿತು. ಆ ಅರಿಷಿಣವನ್ನು ರಾಯಬಾಗ, ಚಿಕ್ಕೋಡಿ, ಅಥಣಿಗಳ ನೀರಾವರಿ ಹೊಲಗಳಲ್ಲಿ ತಲೆತಲಾಂತರದಿಂದ ಬೆಳೆಯುತ್ತ ಬಂದಿದ್ದೇವೆ. ಬೇಸಿಗೆಯ ಕೊನೆಗೆ ನಾಟಿ, ಸಂಕ್ರಮಣದ ನಂತರ ಕೀಳುವುದು. ಎಂಟೊಂಬತ್ತು ತಿಂಗಳ ದುಡಿಮೆ. ಕುದಿಸಿ, ಒಣಗಿಸಿ, ಮೆರುಗು ಕೊಡುವಷ್ಟರಲ್ಲಿ ಐದು ಕ್ವಿಂಟಲ್ ಹಸಿಗಡ್ಡೆ ಒಂದು ಕ್ವಿಂಟಲಿಗೆ ಬರುತ್ತದೆ. ಈ ಕೆಲಸದಲ್ಲಿ ಹೆಣ್ಣುಮಕ್ಕಳ ಕೈಗೆ ಕೂಲಿಯಿದೆ, ಬೀಡಿಯ ಧೂಳಿಲ್ಲ. ಮುಖ್ಯವಾಗಿ, ಪೇಟೆ ಹತ್ತಿರದಲ್ಲಿದೆ. ಕಾಗವಾಡ ದಾಟಿದರೆ ಮಿರಜ, ಮಿರಜ ದಾಟಿದರೆ ಸಾಂಗಲಿ. ದೇಶಕ್ಕೇ ಹೆಸರಾದ ಅರಿಷಿಣದ ಪೇಟೆಯದು. ಅದರ ಪಕ್ಕದ ಹರಿಪುರದಲ್ಲಿ ಅರಿಷಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು, ವರ್ಷಗಟ್ಟಲೆ ಕೆಡುತ್ತಿರಲಿಲ್ಲ. 2005ರ ಮಹಾಪೂರ ಆ ಹಗೇವುಗಳಿಗೆ ದೊಡ್ಡ ಹೊಡೆತ ಕೊಟ್ಟಿತು. ಸಾಂಗಲಿಯ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ದಂಡೆಯ ಗಡ್ಡೆಯೂ ಅಲ್ಲಿಯೇ ಹೋಗಿ ಮಾರಾಟವಾಗುತ್ತದೆ, ಹೆಸರು ಮಾತ್ರ ನಮ್ಮದಲ್ಲ.

ಇಲ್ಲಿಯೂ ಎಲ್ಲವೂ ಸರಿಯಿದೆಯೆಂದಲ್ಲ. ಔಷಧಿ ತಯಾರಿಸುವವರಿಗೆ ಬೇಕಾದುದು ಅರಿಷಿಣದೊಳಗಿನ ಕರ್ಕ್ಯುಮಿನ್ ಎಂಬ ಸತ್ವ. ಒಂದು ಹೊಲದ ಗಡ್ಡೆಯಲ್ಲಿ ಅದು ನೂರಕ್ಕೆ ಎರಡು ಇದ್ದರೆ ಇನ್ನೊಂದರಲ್ಲಿ ಐದು ಇರಬಹುದು. ನಮ್ಮ ರೈತನ ಮಾಲನ್ನು ಮಾತ್ರ ಹೊರಮೈಯ ಬಣ್ಣ, ಕೊಂಬಿನ ಗಾತ್ರ ನೋಡಿ ಕೊಳ್ಳುತ್ತಾರೆ. ಒಳಗೇನಿದೆಯೆಂದು ಬೆಳೆದವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಬೆಲೆ ಕೇಳುವುದು ಹೇಗೆ? ಬಣ್ಣವನ್ನೇ ನೋಡುವ ಪೇಟೆಯಲ್ಲಿ ಸೀಸದ ಕ್ರೋಮೇಟಿನಂಥ ವಿಷದ ಬಣ್ಣ ಬೆರೆಸುವವರು ಹುಟ್ಟಿಕೊಂಡರೆ ಆಶ್ಚರ್ಯವೂ ಇಲ್ಲ.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಅದು ಭಕ್ತಮಹಾಶಯರಿಗೂ ಶ್ರೀಮಠದ ಹಳೆಯ ವಿದ್ಯಾರ್ಥಿಗಳಿಗೂ ಸೇರಿದ್ದು. ನಮ್ಮ ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದವರಲ್ಲಿ ಆಯುರ್ವೇದ ವೈದ್ಯರಿದ್ದಾರೆ, ಔಷಧಿ ತಯಾರಕರಿದ್ದಾರೆ, ಸಾಂಗಲಿ ಮತ್ತು ನಿಪ್ಪಾಣಿಯಲ್ಲಿ ಅಡತಿ ಅಂಗಡಿ ನಡೆಸುವವರೂ ಇದ್ದಾರೆ. ನಮ್ಮ ಸಮಾಜದ ಸಂಸ್ಥೆಗಳು ನಡೆಸುವ ಆಯುರ್ವೇದ ಮಹಾವಿದ್ಯಾಲಯಗಳಿವೆ, ಅವುಗಳಿಗೆ ಆಸ್ಪತ್ರೆಗಳಿವೆ. ಬೆಳಗಾವಿಯಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಿದೆ. ನಿಪ್ಪಾಣಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಇಷ್ಟೆಲ್ಲ ಇದ್ದೂ ನಮ್ಮ ವೈದ್ಯರು ಕಚ್ಚಾ ಮೂಲಿಕೆಗಳನ್ನು ಎಲ್ಲಿಂದ ತರಿಸುತ್ತಾರೆ? ಬಹುತೇಕವಾಗಿ ಮಹಾನಗರಗಳ ಗಂಧಿಗೆ ಅಂಗಡಿಗಳಿಂದ. ಅಶೋಕದ ತೊಗಟೆಯೆಂದು ಬೇರೆ ಮರದ ತೊಗಟೆ ಬಂದಿತೆಂದು ಗೊಣಗುವುದೂ ಅವರೇ, ಮರುತಿಂಗಳು ಅಲ್ಲಿಗೇ ಪಟ್ಟಿ ಕಳಿಸುವುದೂ ಅವರೇ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿಯೊಬ್ಬ ವೈದ್ಯರೂ, ಪ್ರತಿಯೊಂದು ಆಸ್ಪತ್ರೆಯ ಔಷಧಾಲಯವೂ ತಮಗೆ ವರ್ಷಕ್ಕೆ ಬೇಕಾಗುವ ಆಡುಸೋಗೆ, ಅಮೃತಬಳ್ಳಿ, ನೆಲ್ಲಿ, ಹಿರೇಮದ್ದು, ಅರಿಷಿಣಗಳ ತೂಕವನ್ನು ಬರೆದು ಕೊಡಲಿ. ಈ ಬೆಲೆಗೆ, ಈ ಗುಣಮಟ್ಟದ್ದನ್ನು, ಈ ತಿಂಗಳಲ್ಲಿ ಕೊಳ್ಳುತ್ತೇವೆಂದು ಸಹಿ ಹಾಕಲಿ. ಆಡುಸೋಗೆ ಬೇಲಿಯಲ್ಲಿ ಬರುತ್ತದೆ, ಅಮೃತಬಳ್ಳಿ ಬೇವಿನ ಮರಕ್ಕೆ ಹಬ್ಬುತ್ತದೆ, ನೆಲ್ಲಿ ಬದುವಿನ ಮೇಲೆ ನಿಲ್ಲುತ್ತದೆ. ಇವುಗಳಿಗಾಗಿ ಯಾವ ರೈತನೂ ಕಬ್ಬನ್ನು ಕಿತ್ತೊಗೆಯಬೇಕಾಗಿಲ್ಲ, ಯಾವ ಕಂಪನಿಯಿಂದಲೂ ಬೀಜ ಕೊಳ್ಳಬೇಕಾಗಿಲ್ಲ. ನಮ್ಮ ಸಂಸ್ಥೆಗಳ ವಿಜ್ಞಾನ ಮಹಾವಿದ್ಯಾಲಯಗಳಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯಗಳಿವೆ. ರೈತನ ಅರಿಷಿಣದಲ್ಲಿ ಸತ್ವವೆಷ್ಟೆಂದು ಅಳೆದು ಚೀಟಿ ಕೊಡುವುದು ಅಲ್ಲಿಯ ವಿದ್ಯಾರ್ಥಿಗಳಿಗೆ ಪಾಠವೂ ಆದೀತು, ರೈತನ ಕೈಗೆ ಒಂದು ಆಧಾರವೂ ಆದೀತು.

ಮಠಗಳೇ ವ್ಯಾಪಾರಕ್ಕೆ ಇಳಿಯಬೇಕೇ ಎಂದು ಕೆಲವರು ಹುಬ್ಬೇರಿಸಬಹುದು. ಅವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ದಾಸೋಹದ ಅಡುಗೆಮನೆಗೆ ಅರಿಷಿಣ ಪುಡಿ ಎಲ್ಲಿಂದ ಬರುತ್ತದೆ? ಜಾತ್ರೆಯ ದಿನಗಳಲ್ಲಿ ಸಾವಿರಾರು ಜನರಿಗೆ ಸಾರು ಕುದಿಯುವ ಎಷ್ಟೋ ಕಡೆ ನಾನು ಕಂಡದ್ದು ಮುಂಬಯಿಯಲ್ಲಿ ಮುದ್ರೆ ಒತ್ತಿದ ಪೊಟ್ಟಣಗಳನ್ನು. ಎರಡು ಹರದಾರಿಯ ಮೇಲೆ ಭಕ್ತನ ಕಣದಲ್ಲಿ ಅರಿಷಿಣ ರಾಶಿ ಬಿದ್ದಿರುತ್ತದೆ. ಅವನು ಅದನ್ನು ಸಿಕ್ಕಿದ ಬೆಲೆಗೆ ಮಾರಿ ಬಂದು ದಾಸೋಹಕ್ಕೆ ದೇಣಿಗೆ ಬರೆಸುತ್ತಾನೆ. ಆ ದೇಣಿಗೆಯಿಂದ ಪೊಟ್ಟಣದ ಅರಿಷಿಣ ಕೊಳ್ಳಲಾಗುತ್ತದೆ. ಹೇಗೂ ಕೊಳ್ಳಲೇಬೇಕಾದುದನ್ನು ಭಕ್ತನ ಕೈಯಿಂದಲೇ ಕೊಳ್ಳುವುದು ವ್ಯಾಪಾರ ಹೇಗಾದೀತು? ಕಾಯಕ ಮತ್ತು ದಾಸೋಹಗಳ ಸಂಬಂಧವನ್ನು ವೇದಿಕೆಯ ಮೇಲೆ ಗಂಟೆಗಟ್ಟಲೆ ವಿವರಿಸುವ ನಾವು ಅಡುಗೆಮನೆಯ ಬಾಗಿಲಲ್ಲಿ ಅದನ್ನು ಮರೆಯುವುದೇಕೆ?

ಮಠಗಳು ಮೂಲಿಕೆಗಾಗಿ ನಿಂತ ಉದಾಹರಣೆಗಳೂ ನಮ್ಮ ಕಣ್ಣಮುಂದಿವೆ. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನಿದ್ದುದನ್ನು ಎಲ್ಲರೂ ಬಲ್ಲರು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಗದಗಿನ ಕಪ್ಪತಗುಡ್ಡವು ಔಷಧಿ ಸಸ್ಯಗಳ ಆಗರ. ಅದಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಸರಕಾರ 2016ರಲ್ಲಿ ಹಿಂತೆಗೆದುಕೊಂಡಾಗ, ಗಣಿಗಾರಿಕೆಯ ಭಯ ಎದುರಾದಾಗ, ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ವೃದ್ಧಾಪ್ಯದಲ್ಲಿಯೂ ಬೀದಿಗಿಳಿದು ಕುಳಿತರು. ನಂದಿವೇರಿ ಮಠದ ಶ್ರೀಗಳವರು ಗುಡ್ಡದ ಕಾವಲಿಗೇ ನಿಂತರು. 2017ರಲ್ಲಿ ಸ್ಥಾನ ಮರಳಿ ಬಂದಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಣಿಯ ವಿರುದ್ಧ ಗುಡ್ಡವನ್ನು ಉಳಿಸುವ ಶಕ್ತಿಯುಳ್ಳ ಪರಂಪರೆಗೆ ರೈತನಿಂದ ನಾಲ್ಕು ಚೀಲ ಬೇರು ಕೊಳ್ಳುವುದು ಅಸಾಧ್ಯವೆಂದು ನಾನು ನಂಬಲಾರೆ.

ಬರುವ ಅಕ್ಷಯ ತೃತೀಯದ ಹೊತ್ತಿಗೆ ಅರಿಷಿಣದ ನಾಟಿ ಮೊದಲಾಗುತ್ತದೆ. ಅದಕ್ಕೆ ಮುನ್ನ, ಯುಗಾದಿಯ ಒಳಗಾಗಿ, ವೈದ್ಯ ಬಂಧುಗಳೂ ದಾಸೋಹ ಸಮಿತಿಗಳ ಹಿರಿಯರೂ ತಮ್ಮ ತಮ್ಮ ಪಟ್ಟಿಗಳನ್ನು ಈ ಮಾಸಪತ್ರಿಕೆಯ ಕಾರ್ಯಾಲಯಕ್ಕೆ ಕಳಿಸಿದರೆ, ಅವನ್ನು ತಾಲೂಕುವಾರು ವಿಂಗಡಿಸಿ ರೈತರಿಗೆ ತಲುಪಿಸುವ ಕೆಲಸವನ್ನು ನಾನು ಮತ್ತು ನನ್ನಂಥ ಕೆಲವು ಹಳೆಯ ವಿದ್ಯಾರ್ಥಿಗಳು ಹೊರುತ್ತೇವೆ. ಮುಂದಿನ ಜಾತ್ರೆಯ ಕೃಷಿಗೋಷ್ಠಿಯಲ್ಲಿ ಉಪನ್ಯಾಸದ ಬದಲು ಆ ಪಟ್ಟಿಯನ್ನು ಓದಲಿ. ಈ ಲೇಖನವನ್ನು ನನ್ನ ತಮ್ಮನಿಗೆ ಓದಿ ಹೇಳಿದೆನು. ಮುಸಲಿಯ ಕಥೆ ಬಂದಾಗ ಸುಮ್ಮನಿದ್ದನು. ಕೊನೆಗೆ, "ಪಟ್ಟಿ ಖರೇನ ಬಂತಂದರ ಹೇಳಣ್ಣಾ, ಹತ್ತು ಗುಂಟೆ ಬಿಡತೀನಿ" ಎಂದನು.